ಎರಡನೇ ಬಾಟಲಿ

ಕಾಡುಗೋಡಿ
೬ ಡಿಸೆಂಬರ್ ೨೦೧೮, ಗುರುವಾರ

ನನ್ನ ಮುದ್ದಿನ ವೇಣಿಗೆ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಯಂತ್ರ ಇಟ್ಟುಕೊಂಡಿದ್ದ ನಮ್ಮ ಶೆಡ್ ಖಾಲಿ ಮಾಡಿ ಜಾಲಹಳ್ಳಿಗೆ, ನಿಮ್ಮಮ್ಮನ ಮನೆಗೆ ಹೋದ ಮೇಲೆ ನೀನು ಎರಡು ಸಲ ಫೋನ್ ಮಾಡಿದೆ. ನಾನು ಎತ್ತಲಿಲ್ಲ. ಒಲೆ ಮುಂದೆ ಇದ್ದೆ ಎಂದು ಆಮೇಲೆ ಮೆಸೇಜು ಹಾಕಿದೆನಲ್ಲ, ಅದು ಸುಳ್ಳು ಕಣೆ. ಫೋನ್ ಕೈಯಲ್ಲೇ ಇತ್ತು. ನಿನ್ನ ದನಿ ಕೇಳಿದರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಈ ಕಾಗದ. ಸೋಮವಾರ ಪೀಣ್ಯದ ನಿಮ್ಮ ಕಂಪನಿಯವರು ನಿನ್ನ ಯಂತ್ರವನ್ನು ಮುಂದುವರಿಸಬೇಕೋ ಮೂಲೆಗೆ ತಳ್ಳಬೇಕೋ ಎಂದು ತೀರ್ಮಾನಿಸುತ್ತಾರಂತೆ. ಅದಕ್ಕೆ ಮೊದಲು ಇದು ನಿನ್ನ ಕೈ ಸೇರಬೇಕು. ಯಂತ್ರದಲ್ಲಿ ಏನೂ ತಪ್ಪಿಲ್ಲ. ಕೆಡಿಸಿದವಳು ನಾನು.

ಆ ಕಂಪನಿಯವರು ನಮ್ಮ ಮನೆಗೆ ಬಂದ ದಿನದ ಮಾತು. ಕೆರೆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತವೆ, ನಿನ್ನ ಕಪ್ಪು ಪುಡಿ ಹಾಕಿದರೆ ಅದು ಚೂರುಗಳಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಅಯಸ್ಕಾಂತ ಹಿಡಿದರೆ ಪುಡಿಯ ಜೊತೆ ಚೂರುಗಳೂ ಈಚೆಗೆ ಬರುತ್ತವೆ ಎಂದು ನನ್ನಂಥ ದಡ್ಡಿಗೂ ಅರ್ಥವಾಗುವ ಹಾಗೆ ಹೇಳಿಕೊಟ್ಟಿದ್ದೆ. ಅವತ್ತು ನೀನು ಹಲಗೆಯ ಮೇಲೆ ಎರಡು ಗಾಜಿನ ಬಾಟಲಿ ಇಟ್ಟು, ಅವರನ್ನು ಕರೆತರಲು ರೈಲ್ವೆ ಸ್ಟೇಷನ್ ಕಡೆ ಹೋದೆ. ಒಂದರಲ್ಲಿ ಕೆರೆ ನೀರು, ಎರಡನೆಯದರಲ್ಲಿ ನಿನ್ನ ಯಂತ್ರ ಶುದ್ಧ ಮಾಡಿದ ನೀರು.

ಶೆಡ್ ಗುಡಿಸಿ ರಂಗೋಲಿ ಹಾಕೋಣ ಎಂದು ಬಂದವಳು ಆ ಎರಡನೇ ಬಾಟಲಿ ನೋಡಿದೆ. ಟೀ ಲೋಟ ತೊಳೆದ ನೀರಿನ ಹಾಗೆ ಹಳದಿ ಇತ್ತು. ಇದನ್ನು ಶುದ್ಧ ನೀರು ಎಂದು ತೋರಿಸಿದರೆ ನಮ್ಮ ಹುಡುಗಿಯನ್ನು ನೋಡಿ ನಗುತ್ತಾರಲ್ಲ ಎಂದು ಜೀವ ಹೊಡೆದುಕೊಂಡಿತು. ಮನೆಗೆ ಬಂದವರ ಮುಂದೆ ಬಣ್ಣ ಕೆಟ್ಟ ನೀರು ಇಟ್ಟು ನಮಗೆ ಅಭ್ಯಾಸವಿಲ್ಲ. ಅದನ್ನು ಮೋರಿಗೆ ಚೆಲ್ಲಿ, ಬಾಟಲಿ ತೊಳೆದು, ನಾವು ಮಾರುವ, ನಮ್ಮ ನೀರಿನ ಪ್ಲಾಂಟಿನ ಕ್ಯಾನ್ ಬಗ್ಗಿಸಿ ತುಂಬಿಟ್ಟೆ. ಪಳಪಳ ಎಂದಿತು. ನೀನು ಬಂದು ನೋಡಿ, ಪುಡಿಯ ಬಣ್ಣ ತಾನಾಗಿ ತಿಳಿಯಾಗಿದೆ ಎಂದು ಹಿಗ್ಗಿದೆ. ನಾನು ಪಕ್ಕದಲ್ಲೇ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ಬೀಗುತ್ತಿದ್ದೆ. ಅವರು ಎರಡೂ ಬಾಟಲಿಗೆ ಸೀಲ್ ಹಾಕಿ ಲ್ಯಾಬಿಗೆ ಒಯ್ದರು.

ಆಮೇಲೆ ರಿಪೋರ್ಟ್ ಬಂತು. ಶುದ್ಧ ಮಾಡಿದ ನೀರಿನಲ್ಲಿ ರಾಶಿ ಪ್ಲಾಸ್ಟಿಕ್ ಇದೆ, ಅದೂ ಕೆರೆ ನೀರಿನಲ್ಲಿ ಇಲ್ಲದ ಜಾತಿಯದು, ಡಬ್ಬಿ ಮುಚ್ಚಳ ಸವೆದು ಉದುರುವಂಥದ್ದು. ಯಂತ್ರಕ್ಕೆ ಅಗ್ಗದ ಪ್ಲಾಸ್ಟಿಕ್ ಪೈಪು ಹಾಕಿ ಮೋಸ ಮಾಡಿದ್ದೀಯ ಎಂದು ನಿನ್ನನ್ನೇ ಬೈದರು. ಗಾಜು, ಸ್ಟೀಲು ಬಿಟ್ಟು ಬೇರೆ ಏನೂ ಹಾಕಿಲ್ಲ ಅಕ್ಕ ಎಂದು ನನ್ನ ಹೆಗಲ ಮೇಲೆ ಅತ್ತೆ. ಯಂತ್ರದ ಒಂದೊಂದೇ ಭಾಗ ಬಿಚ್ಚಿ, ಎಲ್ಲಾದರೂ ಒಂದು ಚೂರು ಪ್ಲಾಸ್ಟಿಕ್ ಉಳಿದಿದೆಯೇ ಎಂದು ನೀನು ಹುಡುಕುತ್ತಿದ್ದಾಗ ಟಾರ್ಚ್ ಹಿಡಿದವಳು ನಾನು ಕಣೆ. ಬೆಳಕು ಇನ್ನೂ ಸ್ವಲ್ಪ ಒಳಗೆ ಬಿಡಿ ಅಕ್ಕ ಅಂದೆ ನೀನು. ಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ನೆನೆಸಿಕೊಂಡರೆ ನನ್ನ ಕೈ ನೋಡಿ ನನಗೇ ಅಸಹ್ಯವಾಗುತ್ತದೆ.

ಆಗ ನನಗೆ ಬರೀ ಅನುಮಾನ ಇತ್ತು. ಬಾಟಲಿ ಸರಿಯಾಗಿ ತೊಳೆದಿಲ್ಲವೇನೋ, ಲ್ಯಾಬಿನವರೇ ಎಡವಿದರೇನೋ ಎಂದು ಸಮಾಧಾನ ಹೇಳಿಕೊಂಡೆ. ತಡೆಯಲಾರದೆ ಮುನಿರಾಜುಗೆ ಹೇಳಿದೆ. ನಮ್ಮ ಯಜಮಾನರ ಸ್ವಭಾವ ನಿನಗೆ ಗೊತ್ತಲ್ಲ, ಕೂಗಾಡಲಿಲ್ಲ. “ಸುಮ್ನಿರು ಕಣೆ. ಆ ಹುಡ್ಗಿ ಓದೈತೆ, ಇಲ್ಲಿ ಇಲ್ದಿದ್ರೆ ಇನ್ನೊಂದ್ ಕಡೆ ಕೆಲ್ಸ ಸಿಗ್ತದೆ. ನಮ್ ನೀರಲ್ಲಿ ಪ್ಲಾಸ್ಟಿಕ್ ಐತೆ ಅಂತ ಒಂದ್ ಮಾತು ಈಚೆ ಬಿತ್ತು ಅಂದ್ರೆ ನಾಳೆಯಿಂದ ಯಾರ್ ತಗೋತಾರೆ ನಮ್ ಕ್ಯಾನು?” ಎಂದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮಗೆ ಅನ್ನ ಹಾಕುತ್ತಿರುವುದು ಆ ಪ್ಲಾಂಟು ಒಂದೇ. ಅವರ ಮಾತು ನನಗೂ ಹಿತವಾಗೇ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಈಗ ಕೇಳು. ಈ ಕಾಗದದ ಜೊತೆ ನನ್ನ ತಮ್ಮ ಸಿದ್ದರಾಜು ಕೈಯಲ್ಲಿ ಸೀಲ್ ಒಡೆಯದ ಒಂದು ಕ್ಯಾನ್ ಕಳಿಸುತ್ತಿದ್ದೇನೆ. ಅದೇ ಲ್ಯಾಬಿನಲ್ಲಿ ನೋಡಿಸು. ಆ ರಿಪೋರ್ಟಿನಲ್ಲಿ ಬಂದ ಚೂರುಗಳೇ ಇದರಲ್ಲೂ ಸಿಗುತ್ತವೆ. ಇನ್ನೊಂದು ಸಲ ಕೆರೆ ನೀರು ಹಾಕಿ ಯಂತ್ರ ಓಡಿಸಿ ತೋರಿಸು, ನನ್ನಂಥವಳನ್ನು ಹತ್ತಿರ ಬಿಟ್ಟುಕೊಳ್ಳಬೇಡ. ಕಾಗದವನ್ನೂ ಅವರ ಮುಂದೆ ಇಡು. ನಾನೇ ಬಂದು ಹೇಳಬೇಕಾದದ್ದು ನ್ಯಾಯ, ಆದರೆ ಅಷ್ಟು ಜನರ ಎದುರು ನಿಲ್ಲುವ ಧೈರ್ಯ ನನಗಿಲ್ಲ. ಲ್ಯಾಬಿನವರಿಗೆ ಗೊತ್ತಾಗದಿರಲಿ ಎಂದು ಕ್ಯಾನಿನ ಮೇಲಿದ್ದ ನಮ್ಮ ಹೆಸರಿನ ಚೀಟಿ ಕಿತ್ತು ಕಳಿಸಿದ್ದೇನೆ. ಅಷ್ಟು ಮಾತ್ರ ಕ್ಷಮಿಸಿಬಿಡು.

ನೀನು ನನ್ನನ್ನು ಅಕ್ಕ ಎಂದು ಬಾಯಿ ತುಂಬ ಕರೆಯುತ್ತಿದ್ದೆ. ಇನ್ನು ಕರೆಯದಿದ್ದರೂ ನಿನ್ನ ಮೇಲೆ ಬೇಜಾರಿಲ್ಲ.

ನಿನ್ನೆದುರು ತಲೆ ಎತ್ತಲಾರದ,
ರಾಣಿ

ತಾ.ಕ.: ರಿಪೋರ್ಟ್ ಬಂದಾಗ ಬರೀ ಅನುಮಾನ ಇತ್ತು ಎಂದು ಮೇಲೆ ಬರೆದಿದ್ದೇನೆ. ಆ ಸಾಲು ಹೊಡೆದುಹಾಕು. ಅವತ್ತು ಸಂಜೆಯೇ ನಮ್ಮ ಅಡುಗೆಮನೆಯಿಂದ ಕ್ಯಾನ್ ಎತ್ತಿಸಿದೆ. ನಾವೂ ನಮ್ಮತ್ತೆಯೂ ಈಗ ಬೋರ್ ನೀರು ಕಾಯಿಸಿ, ಸೋಸಿ ಕುಡಿಯುತ್ತೇವೆ. ಮಹಡಿ ಮನೆಯಲ್ಲಿ ಬಾಡಿಗೆಗಿರುವ ಅನುಸೂಯಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಅವರಿಗೆ ಇವತ್ತು ಬೆಳಿಗ್ಗೆಯೂ ಎರಡು ಕ್ಯಾನ್ ನಾನೇ ನಿಂತು ಹಾಕಿಸಿದೆ.