ಅಂಗಳದ ಅರಿಶಿನ

ಫೆಬ್ರವರಿ 13, ಗುರುವಾರ

ಬೆನ್ನು ಹಿಡಿದುಕೊಂಡಿದೆ. ಆದರೂ ಇವತ್ತಿನದು ಬರೆಯಲೇಬೇಕು. ಹುಣಸೂರು, ಪಿರಿಯಾಪಟ್ಟಣ ಅಂತ ಊರವರ ಮನೆಗೆಲ್ಲ ಸ್ಟ್ಯಾಂಪ್ ಕಾಂಕ್ರೀಟ್ ಹಾಕಿಕೊಟ್ಟು, ಕೊನೆಗೂ ರಾವಂದೂರಿನ ನಮ್ಮ ಮನೆ ಅಂಗಳಕ್ಕೆ ಹಾಕಿದೆ.

ಬೆಳಿಗ್ಗೆಯೇ ಮಿಕ್ಸರ್ ಬಂತು. ಕಾಂಕ್ರೀಟ್ ಮಟ್ಟ ಮಾಡಿ, ಕಲರ್ ಕೊಟ್ಟು, ಅಂಟಿಕೊಳ್ಳದ ಹಾಗೆ ಮೇಲೆ ಪೌಡರ್ ಎರಚಿ, ರಬ್ಬರ್ ಮ್ಯಾಟ್ ಇಟ್ಟು ಒತ್ತಿದ್ದು. ಮ್ಯಾಟ್ ಎತ್ತಿದರೆ ಥೇಟ್ ಕಲ್ಲುಚಪ್ಪಡಿ. ನನ್ನ ಹೆಂಡತಿ ಪದ್ಮಶ್ರೀ ಬಾಯಲ್ಲಿ ಹೊಗಳಿಕೆ ಬರುವುದೇ ಅಪರೂಪ, ಅವಳೂ ಪರವಾಗಿಲ್ಲ ಅಂದಳು.

ಮುಂದಿನ ತಿಂಗಳು ಎಚ್.ಡಿ. ಕೋಟೆ ಕಡೆಯ ಚಲುವರಾಜು ನೋಡಲು ಬರುತ್ತಾರೆ. ಕಬಿನಿ ಹತ್ತಿರ ಹೋಂಸ್ಟೇ ಕಟ್ಟಿಸುತ್ತಿದ್ದಾರೆ. ನಮ್ಮ ಅಂಗಳ ಮೆಚ್ಚಿದರೆ ಅಲ್ಲಿನ ಕೆಲಸವೆಲ್ಲ ನನಗೇ.

ಅವ್ವ ಇಡೀ ದಿನ ಜಗಲಿ ಮೇಲೆ ಕೂತು ನೋಡಿದಳು. ಪೌಡರ್ ಎರಚುವಾಗ ಏನೋ ಕೇಳಿದಳು. ಗಡಿಬಿಡಿಯಲ್ಲಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಫೆಬ್ರವರಿ 14, ಶುಕ್ರವಾರ

ಹಾಳಾಯ್ತು.

ಎದ್ದು ಬಾಗಿಲು ತೆಗೆದರೆ ಎದುರಿಗೇ ಕೆಂಪು. ರಕ್ತ ಚೆಲ್ಲಿದ ಹಾಗೆ. ನಾಯಿ ಎಲ್ಲೋ ಕೋಳಿ ಹಿಡಿದು ತಂದಿರಬೇಕು ಅಂದುಕೊಂಡೆ... ಅವ್ವನ ಕೆಲಸ. ಶುಕ್ರವಾರ, ಹೊಸ ಅಂಗಳ ಅಂತ ಅರಿಶಿನದ ನೀರು ಚಿಮುಕಿಸಿದ್ದಾಳೆ. ಸಿಮೆಂಟು ಇನ್ನೂ ಹಸಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಆರತಿ ನೀರು ಕೆಂಪಾಗುತ್ತದಲ್ಲ, ಇಲ್ಲೂ ಅದೇ ಆಗಿದೆ.

"ಹೊಸಾದು ಕಣಪ್ಪ, ಅರಿಶಿನ ಹಾಕ್ದೆ ಅಂಗೇ ಬುಡಾದಾ? ನೀನೂ ನೆನ್ನೆ ಏನೋ ಎರಚ್ತಿದ್ದಲ್ಲ" ಅಂದಳು. ನನ್ನ ಪೌಡರನ್ನು ಪೂಜೆ ಅಂದುಕೊಂಡಿದ್ದಾಳೆ.

ಬೈದೆ. ಪಕ್ಕದ ಮನೆ ಮಲ್ಲಾಜಮ್ಮ ಪೊರಕೆ ಹಿಡಿದು ನಿಂತು ಕೇಳುತ್ತಿದ್ದರೂ ಬಿಡಲಿಲ್ಲ. "ಇನ್ಮೇಲೆ ಈ ಅಂಗಳಕ್ಕೆ ಕಾಲಿಡ್ಬೇಡ ನೀನು" ಅಂತ ಕೂಗಿದೆ.

ಫೆಬ್ರವರಿ 15, ಶನಿವಾರ

ಬೆಳಗಿನ ಜಾವ ಉಜ್ಜುವ ಸದ್ದು. ಹೋಗಿ ನೋಡಿದರೆ ಅವ್ವ ಮಂಡಿಯೂರಿ ಕೂತಿದ್ದಾಳೆ — ತೆಂಗಿನ ನಾರು, ಸೀಗೆಪುಡಿ. ನಾನು ಏಳುವಷ್ಟರಲ್ಲಿ ಕಲೆ ತೆಗೆಯಬೇಕು ಅಂತ. ಕಲೆ ಹೋಗಿಲ್ಲ, ಮೇಲಿನ ಪದರವೇ ಎದ್ದು ಬಂದಿದೆ. ಗೇಣಗಲ ಡಿಸೈನೇ ಇಲ್ಲ.

ಈ ಸಲ ಒಂದು ಮಾತೂ ಆಡಲಿಲ್ಲ. ಸುಮ್ಮನೆ ನೋಡುತ್ತಾ ನಿಂತೆ. ಬೈದದ್ದಕ್ಕಿಂತ ಅದೇ ಹೆಚ್ಚಾಯಿತೇನೋ. ಅವ್ವ ನಾರನ್ನು ಸೆರಗಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು.

ಫೆಬ್ರವರಿ 24, ಸೋಮವಾರ

ಹುಣಸೂರಲ್ಲಿ ಕೆಲಸ. ಬರೆಯಲು ಆಗಲಿಲ್ಲ... ಆಗಲಿಲ್ಲ ಅಂತಲ್ಲ, ಮನಸ್ಸಿರಲಿಲ್ಲ.

ಕೆಂಪು ತಾನಾಗಿಯೇ ಹೋಗಿದೆ. ಅರಿಶಿನದ ಕಲೆ ಬಿಸಿಲಿಗೆ ನಿಲ್ಲುವುದಿಲ್ಲ. ಬಟ್ಟೆಗೆ ಬಿದ್ದರೆ ಪದ್ಮಶ್ರೀ ಮಾಡುವುದೂ ಅದನ್ನೇ, ಬಿಸಿಲಿಗೆ ಹಾಕಿಬಿಡುತ್ತಾಳೆ. ಅಷ್ಟು ಗೊತ್ತಿದ್ದೂ ಆವತ್ತು ತಲೆ ಓಡಲಿಲ್ಲ.

ಅವ್ವ ಈಗ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಾಳೆ. ಡೈರಿಗೆ ಹಾಲು ಹಾಕಲೂ ಮಲ್ಲಾಜಮ್ಮನ ಕೊಟ್ಟಿಗೆ ಪಕ್ಕದ ಗಂಜಲದ ಕೆಸರಲ್ಲೇ ಸುತ್ತಿಕೊಂಡು ಹೋಗಬೇಕು. ಮಾತು ಬಿಟ್ಟಿಲ್ಲ. ಊಟಕ್ಕೆ ಕರೆಯುತ್ತಾಳೆ, ಇನ್ನೊಂದು ಮುದ್ದೆ ಬೇಕಾ ಅಂತ ಕೇಳುತ್ತಾಳೆ. ನೀವೇ ಹೋಗಿ ಅಂಗಳಕ್ಕೆ ಕರೆಯಿರಿ ಅಂತ ಪದ್ಮಶ್ರೀ ದಿನಾ ಹೇಳುತ್ತಿದ್ದಾಳೆ. ಅವ್ವನ ಸಿಟ್ಟು ಇಳಿದ ಮೇಲೆ ತಾನೇ ಬರುತ್ತಾಳೆ ಅಂದೆ.

ಮಾರ್ಚ್ 9, ಭಾನುವಾರ

ಚಲುವರಾಜು ಬಂದಿದ್ದರು. ಶೂ ಹಾಕಿಕೊಂಡೇ ಅಂಗಳದ ತುಂಬ ಓಡಾಡಿದರು, ಹಿಮ್ಮಡಿಯಲ್ಲಿ ಒತ್ತಿ ನೋಡಿದರು. ಅವ್ವ ಉಜ್ಜಿ ಕಿತ್ತ ಜಾಗದ ಮೇಲೇ ನಿಂತು ಮಾತಾಡಿದರು. ಅವರ ಕಣ್ಣಿಗೆ ಅದು ಬೀಳಲೇ ಇಲ್ಲ. ಕೆಲಸ ನನಗೇ ಅಂದರು.

ಕುಣಿಯಬೇಕಿತ್ತು ನಾನು.

ಅಷ್ಟರಲ್ಲಿ ಅವ್ವ ಮನೆ ಸುತ್ತಿಕೊಂಡು ಮಜ್ಜಿಗೆ ತಂದಳು. ಅಂಗಳದ ಅಂಚಿಗೆ ಬಂದು ನಿಂತಳು. ಅಲ್ಲಿಂದಲೇ ಲೋಟ ಚಾಚಿದರೆ ಅವರಿಗೆ ಎಟುಕಲಿಲ್ಲ. ಅಲ್ಲೇ ಯಾಕಮ್ಮ ನಿಂತಿರಿ, ಇತ್ತ ಬನ್ನಿ ಅಂದರು. ಅವ್ವ ನನ್ನ ಮುಖ ನೋಡಿದಳು.

"ಬರ್ಬೋದೇನಪ್ಪ ನಾನು?"

ಚುಚ್ಚಿ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ಕೇಳಿದಳು. ಇಷ್ಟು ದಿನ ಅವ್ವನಿಗೆ ನನ್ನ ಮೇಲೆ ಸಿಟ್ಟು ಅಂತ ತಿಳಿದಿದ್ದೆ. ಅವಳಿಗೆ ಭಯ. ತನ್ನ ಮನೆ ಅಂಗಳ ತುಳಿಯಲು ಭಯ. ಬಾ ಅನ್ನುವಷ್ಟರಲ್ಲಿ ಚಲುವರಾಜು ತಾವೇ ಹೋಗಿ ಲೋಟ ತೆಗೆದುಕೊಂಡರು, ಅವ್ವ ಬಂದ ದಾರಿಯಲ್ಲೇ ಹೋದಳು.

ತುಂಬಾ ನಾಚಿಕೆಯಾಗಿದೆ. ಪದ್ಮಶ್ರೀ ಮುಖ ನೋಡಲೂ ಆಗುತ್ತಿಲ್ಲ.

ಮಾರ್ಚ್ 15, ಶನಿವಾರ

ಕಲರ್ ಹೋಗದ ಹಾಗೆ ಮೇಲೆ ಸೀಲರ್ ಹೊಡೆಯುವ ದಿನ. ಹೊಡೆದರೆ ಮತ್ತೆ ಒಂದು ದಿನ ಯಾರೂ ತುಳಿಯುವ ಹಾಗಿಲ್ಲ. ಡಬ್ಬ ತೆಗೆಯಲಿಲ್ಲ. ಮೊದಲು ಅವ್ವ ನಡೆಯಲಿ ಅನ್ನಿಸಿತು.

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಪ್ಪಾಯ್ತು ಕಣವ್ವ ಅಂದೆ. ಅಯ್ಯೋ ಬುಡಪ್ಪ ಅಂದಳು, ಕೈಯ ಬೂದಿ ತೊಳೆದುಕೊಂಡು ಹಿಂದೆಯೇ ಬಂದಳು.

ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ಯಾರೂ ಬಿಡು ಅಂದಿರಲಿಲ್ಲ. ಸೀರೆ ಎತ್ತಿ ಹಿಡಿದು, ನಾನು ಒತ್ತಿದ ಗೆರೆಗಳನ್ನೇ ನೋಡುತ್ತಾ ನಿಂತಳು.

"ಯಾವ್ ಕಲ್ಲಿನ್ ಮ್ಯಾಲೆ ಕಾಲಿಡ್ಲಪ್ಪ?"

ಅಲ್ಲಿ ಕಲ್ಲೇ ಇಲ್ಲ. ಎಲ್ಲ ಒಂದೇ ಕಾಂಕ್ರೀಟು, ಗೆರೆ ಹಾಕಿದವನು ನಾನು. ಎಲ್ಲಾ ನಿಂದೇ ಕಣವ್ವ, ಎಲ್ಲಿ ಬೇಕಾದರೂ ಇಡು ಅನ್ನಬೇಕಿತ್ತು. ಕೈ ಚಾಚಿದೆ. ಅವ್ವ ಹಿಡಿದುಕೊಂಡು, ಬಲಗಾಲು ಎತ್ತಿ ಅಂಗಳಕ್ಕೆ ಇಟ್ಟಳು.