ಕಂಚು ಭಾನುವಾರ ಮಾತ್ರ

ಜನವರಿ 22, ಬುಧವಾರ. ಮಧ್ಯಾಹ್ನ

ಬೆಳಿಗ್ಗೆಯಿಂದ ಎರಡು ಸ್ಟೀಲ್ ಡಬ್ಬ, ಒಂದು ಕುಕ್ಕರ್ ಗ್ಯಾಸ್ಕೆಟ್. ಪಾತ್ರೆ ಅಂಗಡಿ ಅಂತ ಬೋರ್ಡು ಬೇರೆ ಕೇಡು.

ಆಮೇಲೆ ಮೂಗೂರಿನ ಚನ್ನಾಜಮ್ಮ ಬಂದರು. ಮೊಮ್ಮಗಳ ಮದುವೆ, ಊಟಕ್ಕೆ ಕಂಚಿನ ಗಂಗಳ ಬೇಕು. "ನಮ್ಮತ್ತೆ ತಂದದ್ದೂ ಇದೇ ಅಂಗ್ಡೀಲಿ, ನಾನ್ ತಂದದ್ದೂ ಇಲ್ಲೇಯ. ನೀವು ಬಡ್ದು ಕೇಳಿ ಕೊಟ್ಬುಟ್ರೆ ಮುಗೀತು ಸಾವ್ಕಾರ್ರೆ" ಎಂದರು.

ಗಂಗಳವನ್ನು ಬೆರಳ ತುದಿಯ ಮೇಲೆ ಕೂರಿಸಿ ಗೆಣ್ಣಿನಿಂದ ಬಡಿದೆ. ಏಟು ಕೇಳಿತು. ಅದರ ಹಿಂದೆ ಬರಬೇಕಾದ ನಾದ... ಇಲ್ಲ. ಇನ್ನೊಮ್ಮೆ ಬಡಿದೆ. ಇಲ್ಲ. ಗಂಗಳದ ದೋಷವೋ ಕಿವಿಯ ದೋಷವೋ ಗೊತ್ತಾಗಲಿಲ್ಲ. ದೀಪಾವಳಿಯಿಂದ ಹೀಗೇ ಆಗಿದೆ. ಆದರೂ ಸಂಗೀತ ಕೇಳಿದವನ ಹಾಗೆ ತಲೆದೂಗಿದೆ. ಚನ್ನಾಜಮ್ಮ ಗಂಗಳವನ್ನು ಕಣ್ಣಿಗೊತ್ತಿಕೊಂಡು ಹೋದರು. ಬಿರುಕು ಬಿಟ್ಟ ಕಂಚು ಮದುಮಗಳ ಜೊತೆ ಹೋಗಬಾರದು. ಹೋಗಿದ್ದರೆ?

ಯಾರಿಗೂ ಹೇಳಿಲ್ಲ. ಸರ್ವಮಂಗಳಾಗೂ ಇಲ್ಲ. ಹೆಂಡತಿಗೆ ಹೇಳಿದರೆ ಸಂಜೆಯೊಳಗೆ ತಿರುಮಕೂಡಲಿಗೆಲ್ಲ ಗೊತ್ತಾಗುತ್ತದೆ. ಮೈಸೂರಿಗೆ ಗುಟ್ಟಾಗಿ ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ನೋಡಿದೆ. ಮಾತು ಕೇಳಿತು. ಕಂಚು ಮಾತ್ರ ಡಾಲ್ಡಾ ಡಬ್ಬದ ಹಾಗೆ ಕೇಳಿತು. ವಾಪಸು ಕೊಟ್ಟು ಬಂದೆ.

ಸ್ಟೀಲು ಎಲ್ಲ ಕಡೆ ಸಿಗುತ್ತದೆ. ಜನ ಇಲ್ಲಿಗೆ ಬರುವುದು ಈ ಕಿವಿಗೆ. ಕಿವಿ ಹೋಯಿತು ಅಂದರೆ ಅಂಗಡಿಯೂ ಹೋದ ಹಾಗೆ.

ಅಪ್ಪ ದೊಡ್ಡಸಿದ್ದಯ್ಯನವರ ಕಾಲದಲ್ಲಿ ಲಗ್ನದ ತಿಂಗಳು ಬಂತೆಂದರೆ ಬೀದಿಯೆಲ್ಲ ನಾದ. ಬನ್ನೂರಿನಿಂದ, ಸೋಮನಾಥಪುರದಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಪ್ಪ ಮೊದಲು ತಾವು ಕೇಳಿ, ಆಮೇಲೆ ಮದುಮಗಳ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಆ ಹುಡುಗಿ ನಾಚಿಕೊಂಡು ನಗೋದು. ಅವಳ ಹಿಂದೆ ನಿಂತ ಹೆಂಗಸರೆಲ್ಲ ಕತ್ತು ಚಾಚೋರು. ಆ ದಿನಗಳು ಎಷ್ಟು ಚೆನ್ನಾಗಿದ್ದವು.

ಜನವರಿ 26, ಭಾನುವಾರ

ಮಗಳು ಮಧುಶ್ರೀ ಬಂದಿದ್ದಾಳೆ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಲ್ಯಾಬಿನಲ್ಲಿ ಕೆಲಸ. ವಾರವೆಲ್ಲ ಅಲ್ಲೇ ಪಿಜಿ, ಶನಿವಾರ ಸಂಜೆ ಊರಿಗೆ.

ಬ್ಯಾಗಿನಿಂದ ಲೋಹದ ಮೂರು ಪಟ್ಟಿ ತೆಗೆದಳು. ತಾನಾಗಿ ಬಿರುಕು ಮುಚ್ಚಿಕೊಳ್ಳುವ ಲೋಹವಂತೆ! "ಒಳಗಡೆ ಬೇಗ ಕರಗೋ ಇನ್ನೊಂದು ಲೋಹ ಮೊದಲೇ ಬೆರೆಸಿರ್ತೀವಿ ಅಪ್ಪಾಜಿ. ಬಿರುಕು ಬಿಟ್ಟಾಗ ಫರ್ನೇಸ್‌ನಲ್ಲಿ ಹದವಾಗಿ ಬಿಸಿ ಮಾಡಿದ್ರೆ ಅದೊಂದೇ ಕರಗಿ ಬಿರುಕಿನೊಳಗೆ ಹರ್ಕೊಂಡು ಕೂತ್ಕೊಳುತ್ತೆ. ಆರಿದ ಮೇಲೆ ಗಟ್ಟಿ." ಪೂರ್ತಿ ಮೊದಲಿನ ಬಲ ಬರುವುದಿಲ್ಲವಂತೆ, ಮುಕ್ಕಾಲು ಪಾಲು ಬರುತ್ತದಂತೆ. ಮುಕ್ಕಾಲು ಸಾಲದೇ?

"ಕಣ್ಮುಚ್ಕೊಳಿ. ನಾನ್ ಬಡೀತೀನಿ, ಯಾವ್ದರ ಬಿರುಕು ಕೂಡಿದೆ, ಯಾವ್ದರದ್ದು ಇಲ್ಲ, ನೀವ್ ಹೇಳಿ" ಎಂದಳು.

ಅವಳು ಚಿಕ್ಕವಳಿದ್ದಾಗ ನಮ್ಮ ಆಟ ಇದು. ಅವಳು ಕಣ್ಣು ಮುಚ್ಚುತ್ತಿದ್ದಳು, ನಾನು ಬಡಿಯುತ್ತಿದ್ದೆ. "ಚೊಂಬು! ಲೋಟ! ಅಜ್ಜಿ ಬಿಂದಿಗೆ!" ಒಂದೂ ತಪ್ಪುತ್ತಿರಲಿಲ್ಲ. ಗೆದ್ದರೆ ಕಡ್ಲೆಮಿಠಾಯಿ. ಸೋತರೂ ಕಡ್ಲೆಮಿಠಾಯಿ.

ಇವತ್ತು ಮೂರು ಏಟು ಕೇಳಿತು. ಟಕ್, ಟಕ್, ಟಕ್. "ಮೂರೂ ಒಂದೇ ಥರ ಇದೆ" ಎಂದೆ.

ಕಣ್ಣು ಬಿಟ್ಟಾಗ ಪಟ್ಟಿಗಳನ್ನು ಬ್ಯಾಗಿಗೆ ಹಾಕುತ್ತಿದ್ದಳು. ಆಮೇಲೆ, "ಹಾಗಾದ್ರೆ ಮೂರೂ ಕೂಡ್ಕೊಂಡಿವೆ ಅಪ್ಪಾಜಿ" ಎಂದಳು.

ಬದುಕಿದೆಯಾ ಬಡಜೀವವೇ! ರಾತ್ರಿ ಊಟಕ್ಕೆ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಫೆಬ್ರವರಿ 11, ಮಂಗಳವಾರ

ಇಲ್ಲಿನ ಸಂಗಮದಲ್ಲಿ ಕುಂಭಮೇಳ. ಊರೆಲ್ಲ ಜನ, ಮೈಕು. ಎಲ್ಲರೂ ಕಿರುಚಿಕೊಂಡೇ ಮಾತಾಡುತ್ತಿದ್ದಾರೆ. ನನಗೆ ಇಷ್ಟು ಅನುಕೂಲ ಈಚೆಗೆ ಯಾವತ್ತೂ ಆಗಿರಲಿಲ್ಲ.

ಮಧುಶ್ರೀ ಎರಡು ಭಾನುವಾರದಿಂದ ಅಂಗಡಿಯಲ್ಲೇ ಕೂರುತ್ತಿದ್ದಾಳೆ. ಗಿರಾಕಿ ಕೇಳುವ ಮೊದಲೇ ಪಾತ್ರೆ ಇಳಿಸಿ, ಬಡಿದು, ಕೊಡುತ್ತಾಳೆ. ಬೋರಾಗುತ್ತೆ ಅದಕ್ಕೇ ಅಂದಳು.

ಫೆಬ್ರವರಿ 16, ಭಾನುವಾರ. ಸಂಜೆ

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಚನ್ನಾಜಮ್ಮನ ಮಗ ನಿಂಗರಾಜು ಬಂದು ಗಂಗಳವನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. "ಬೀಗ್ರು ಬಡ್ದು ನೋಡುದ್ರು. ಡಬ್ ಅಂತು. ಒಡಕು ಕೊಟ್ಟು ಎಣ್ಣು ಕಳಿಸ್ತಾವ್ರೆ ಅಂದ್ಬುಟ್ರು ಸಾ. ನಮ್ಮವ್ವ ಅತ್ತದ್ದು ನೋಡಾಕಾಗ್ನಿಲ್ಲ" ಎಂದ.

ಮಧುಶ್ರೀ ಎದ್ದು ನಿಂತಳು. "ಅವತ್ತು ಅಂಗಡೀಲಿ ನಾನಿದ್ದೆ ಅಣ್ಣ. ನಾನೇ ಬಡಿದು ಕೊಟ್ಟಿದ್ದು. ನನ್ ತಪ್ಪು."

"ಅದ್ಕೇಯ! ನಿಮ್ಮಪ್ಪಾರ್ ಕಿವಿ ಆಗಿದ್ರೆ ಇಂಗಾಯ್ತಿತ್ತಾ? ಓದ್ದೋರು ಇದ್ಕೆಲ್ಲ ಕೈ ಹಾಕ್ಬಾರ್ದು ಕಣವ್ವ."

ತಲೆ ತಗ್ಗಿಸಿ ಬೈಸಿಕೊಂಡಳು ನನ್ನ ಮಗಳು. ಬೇರೆ ಗಂಗಳ ಆರಿಸಿ, ಬಡಿದು, ಕೇಳಿ ಕೊಟ್ಟಳು. ನಾನು ಕಲ್ಲು ಬಸವನ ಹಾಗೆ ಕೂತಿದ್ದೆ.

ಅವನು ಹೋದ ಮೇಲೆ ಕೇಳಿದೆ. "ಆ ಬುಧವಾರ ನೀನು ಊರಲ್ಲೇ ಇರ್ಲಿಲ್ವಲ್ಲ."

ಅವಳು ಇಳಿಸಿದ್ದ ಗಂಗಳಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು.

"ಆ ಮೂರು ಪಟ್ಟಿ ನಿಜವಾಗ್ಲೂ ಕೂಡಿತ್ತೇನಮ್ಮ?"

"ಎರಡು ಕೂಡಿತ್ತು ಅಪ್ಪಾಜಿ. ಒಂದನ್ನ ಫರ್ನೇಸ್‌ಗೇ ಹಾಕಿರ್ಲಿಲ್ಲ."

ಅಂದರೆ ಅವತ್ತೇ ಗೊತ್ತಾಗಿದೆ ಅವಳಿಗೆ. ಮೂರು ವಾರದಿಂದ ನನ್ನ ಮಾನ ಕಾಯುತ್ತ ಕೂತಿದ್ದಾಳೆ. ಆ ಒಡಕು ಗಂಗಳ ಹಿಡಿದುಕೊಂಡು ಹುಚ್ಚನ ಹಾಗೆ ಕೇಳಿದೆ, "ಇದನ್ನ ನಿನ್ನ ಫರ್ನೇಸ್‌ನಲ್ಲಿ ಇಟ್ರೆ?"

"ಆಗಲ್ಲ ಅಪ್ಪಾಜಿ. ಕಂಚಿಗೆ ಆ ಗುಣ ಇಲ್ಲ. ಮೊದಲೇ ಒಳಗೆ ಬೆರೆಸಿರ್ಬೇಕು."

"ಕಿವಿಗೆ?"

ನನ್ನ ಕೈ ಹಿಡಿದುಕೊಂಡಳು. ಅತ್ತುಬಿಟ್ಟೆ. ಅಪ್ಪ ತೀರಿಕೊಂಡಾಗ ಅತ್ತವನು, ಮತ್ತೆ ಇವತ್ತೇ.

ಫೆಬ್ರವರಿ 23, ಭಾನುವಾರ

ಬಸ್ಸು ಹತ್ತಿ ಮೂಗೂರಿಗೆ ಹೋದೆ. ಒಬ್ಬನೇ. ಚನ್ನಾಜಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಗನೂ ಇದ್ದ. ನಿಂತುಕೊಂಡೇ ಹೇಳಿದೆ. ಗಂಗಳ ಕೊಟ್ಟವನು ನಾನು. ನನ್ನ ಕಿವಿ ಹೋಗಿದೆ. ಮಗಳದ್ದೇನೂ ತಪ್ಪಿಲ್ಲ.

ನಿಂಗರಾಜು ನೆಲ ನೋಡಿದ. ಚನ್ನಾಜಮ್ಮ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ಅದ್ಕೇಯಾ? ಅವತ್ತು ಮನೇವ್ರು ಎಂಗವ್ರೆ ಅಂತ ಕೇಳುದ್ರೆ 'ಒಳ್ಳೆ ತೂಕ ಅದೆ' ಅಂದ್ರಲ್ಲ ಸಾವ್ಕಾರ್ರೆ! ಗಂಗ್ಳುದ್ ಗ್ಯಾನ್ದಲ್ಲವ್ರೆ ಅನ್ಕಂಡೆ."

ನನಗೂ ನಗು ಬಂತು. ಆಮೇಲೆ ಅವರೇ ಮೆಲ್ಲಗೆ, "ಇನ್ಮೇಲೆ ಕೇಳೋರು ಯಾರು?" ಎಂದರು.

"ಮಗಳು" ಎಂದೆ. ಅವಳನ್ನು ಕೇಳಿಯೇ ಇರಲಿಲ್ಲ. ಬಸ್ಸಿನಲ್ಲೆಲ್ಲ ಅದೇ ಭಯ.

ಮಾರ್ಚ್ 2, ಭಾನುವಾರ. ಬೆಳಿಗ್ಗೆ ಹತ್ತೂವರೆ

ಒಪ್ಪಿದ್ದಾಳೆ. ಬಾಗಿಲಿಗೆ ಹಲಗೆ ತಗುಲಿಸಿದ್ದೇವೆ. ಕಂಚು ಭಾನುವಾರ ಮಾತ್ರ. ಉಳಿದ ದಿನ ಸ್ಟೀಲು, ಅದಕ್ಕೆ ಕಿವಿ ಬೇಡ. ಸರ್ವಮಂಗಳಾ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ.

ಬನ್ನೂರಿನ ಒಂದು ಮನೆಯವರು ಕೂತಿದ್ದಾರೆ. ಮದುಮಗಳೂ ಬಂದಿದ್ದಾಳೆ. ಹೊಸ ಬಿಂದಿಗೆ. ನಾದ ಎಷ್ಟು ಹೊತ್ತು ನಿಲ್ಲುತ್ತೆ, ನನಗೂ ಗೊತ್ತಾಗಬೇಕಲ್ಲ ಅಂತ ಗೊಣಗಿದೆ. ಕೈ ಎತ್ತಿರ್ತೀನಿ ಅಪ್ಪಾಜಿ, ಮುಗಿದಾಗ ಇಳಿಸ್ತೀನಿ, ನೋಡ್ತಾ ಇರಿ ಎಂದಳು.

ಬಡಿದಳು. ಕೈ ಎತ್ತಿದ್ದಾಳೆ. ಮದುಮಗಳು ಕಿವಿ ಕೊಟ್ಟು ನಗುತ್ತಿದ್ದಾಳೆ. ಇನ್ನೂ ಇಳಿಸಿಲ್ಲ. ಇಷ್ಟು ಬರೆದರೂ ಇನ್ನೂ ಇಳಿಸಿ—