ಏಳು ಪಾಯಿಂಟ್ ಮೂರು ಓವರು

ಗೊರೂರು
10-2-2025, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಬೂಟು ಕಚ್ಚಿದ ಕಾಲು ವಾಸಿಯಾಯಿತಾ? ಮಿಲಿಟರಿ ಟ್ರೈನಿಂಗಿನಲ್ಲಿ ನಿನ್ನ ಫೋನು ಕಿತ್ತಿಟ್ಟುಕೊಂಡಿದ್ದಾರೆ ಅಂತ ಅಜ್ಜಿ ದಿನಾ ಶಾಪ ಹಾಕುತ್ತಾಳೆ. "ಮುದ್ದೆ ಇಲ್ದೆ ಮಗೀಗೆ ಜೀವ ಅದೆಂಗೆ ನಿಂತದೋ" ಅಂತ ಕಣ್ಣೊರೆಸಿಕೊಂಡು, ತಾನು ಮಾತ್ರ ಎರಡು ಮುದ್ದೆ ಉಣ್ಣುತ್ತಾಳೆ. ಅಪ್ಪ, ಅಮ್ಮ ಚೆನ್ನಾಗಿದ್ದಾರೆ.

ಈಗ ಸುದ್ದಿ. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅರಕಲಗೂಡು ಟೂರ್ನಮೆಂಟಿನಲ್ಲಿ ನಿನ್ನ ಟೀಮು ಫೈನಲ್ಲಿಗೆ ಹೋಗಿತ್ತು. ನಾನೇ ಆಚೆ ಹಾಕಿಸಿದೆ. ಕಾಗದ ಹರಿಯಬೇಡ, ಪೂರ್ತಿ ಓದು.

ಹೊರಡುವಾಗ ಸ್ಕೋರು ಬರೆಯುವ ಕೆಲಸ ನನಗೆ ಒಪ್ಪಿಸಿ ಹೋದೆಯಲ್ಲ, ನಿನ್ನೆ ಕೊನೆಯ ಲೀಗ್ ಮ್ಯಾಚು. ನಾವು 7.3 ಓವರಿನಲ್ಲಿ ಎಪ್ಪತ್ತಾರು ಹೊಡೆದು ಗೆದ್ದೆವು. ಹೊಳೆನರಸೀಪುರದವರು ತಮ್ಮ ಮ್ಯಾಚಿನಲ್ಲಿ ಎಂಟು ಓವರಿಗೆ ಎಂಬತ್ತೆರಡು ಹೊಡೆದಿದ್ದರು. ಇಬ್ಬರದೂ ಪಾಯಿಂಟು ಸಮ. ಹಾಗಾದಾಗ ಕೊನೆಯ ಮ್ಯಾಚಿನಲ್ಲಿ ಓವರಿಗೆ ಯಾರದು ಹೆಚ್ಚು ರನ್ನೋ ಅವರು ಫೈನಲ್ಲಿಗೆ ಅಂತ ರೂಲ್ಸು. ಟೂರ್ನಮೆಂಟು ನಡೆಸುವ ರಜನೀಶ್ ಮೊಬೈಲಿನಲ್ಲಿ ಎಪ್ಪತ್ತಾರನ್ನು 7.3ರಿಂದ ಭಾಗಿಸಿ, ನಮಗೆ 10.41, ಅವರಿಗೆ 10.25 ಅಂತ ಮೈಕಿನಲ್ಲಿ ಕೂಗಿಯೇಬಿಟ್ಟ. ನಿನ್ನ ಜಾಗಕ್ಕೆ ಕ್ಯಾಪ್ಟನ್ ಆಗಿರುವ ಶಿವರಾಜುವನ್ನು ನಮ್ಮ ಹುಡುಗರು ಹೆಗಲ ಮೇಲೆ ಹೊತ್ತು ಕುಣಿದರು.

ನಾನು ಸ್ಕೋರು ಪುಸ್ತಕ ಮತ್ತೆ ತೆಗೆದು ನೋಡಿದೆ. 7.3 ಅಂದರೆ ಏಳು ಓವರು, ಮೂರು ಬಾಲು. ಆರು ಬಾಲಿನಲ್ಲಿ ಮೂರು ಅಂದರೆ ಅರ್ಧ ಓವರು! ಕ್ಯಾಲ್ಕುಲೇಟರಿಗೆ ಅದನ್ನು ಏಳೂವರೆ, 7.5 ಅಂತ ಕೊಡಬೇಕು. ಬೇರೆಲ್ಲ ಲೆಕ್ಕ ಹತ್ತರಲ್ಲಿ ನಡೆದರೆ ಬಾಲಿನ ಲೆಕ್ಕ ಆರರಲ್ಲಿ ನಡೆಯುತ್ತದೆ. ಅಲ್ಲಿ ಆರು ಅನ್ನುವ ಅಂಕಿಯೇ ಇಲ್ಲ. ಐದಾದ ಮೇಲೆ ಸೊನ್ನೆ, ಎಡಕ್ಕೆ ಒಂದು ಏರುತ್ತದೆ. ನಾವು ಆಡಿದ ನಲವತ್ತೈದು ಬಾಲನ್ನು, ಓವರುಗಳನ್ನೂ ಆರಾರಾಗಿ ಕಟ್ಟಿ ಬರೆದರೆ 113, ಅಂದರೆ ಮೂವತ್ತಾರು ಬಾಲಿನ ಕಟ್ಟು ಒಂದು, ಆರರದು ಒಂದು, ಮೇಲೆ ಮೂರು ಬಾಲು. ಅವರ ನಲವತ್ತೆಂಟು 120. ತುದಿಯಲ್ಲಿ ಸೊನ್ನೆ ಬಂದರೆ ಓವರು ಪೂರ್ತಿ, ಮೂರು ಬಂದರೆ ಅರ್ಧ. ಎಷ್ಟು ಚೆಂದ ಅಲ್ವಾ? ಆ ಚೆಂದವೇ ನಮ್ಮನ್ನು 10.13ಕ್ಕೆ, ಅವರಿಗಿಂತ ಕೆಳಕ್ಕೆ ಇಳಿಸಿತು.

ಶಿವರಾಜುಗೆ ಲೆಕ್ಕ ತೋರಿಸಿದೆ. "ಸುಮ್ಕೆ ಕೂತ್ಕೊ ನಿಸರ್ಗ, ಯಾರ್ಗೂ ಗೊತ್ತಾಗಿಲ್ಲ ಕಣವ್ವ" ಅಂದ. ನನಗೆ ಗೊತ್ತಾಗಿತ್ತಲ್ಲ! ರಜನೀಶ್ ಕೈಯಿಂದ ಮೈಕು ಇಸಿದುಕೊಂಡು ಹೇಳಿಬಿಟ್ಟೆ. ರಜನೀಶ್ ಮತ್ತೆ ಲೆಕ್ಕ ಹಾಕಿ, ಫೈನಲ್ಲಿಗೆ ಹೊಳೆನರಸೀಪುರದವರು ಅಂತ ಕೂಗಿದ. "ನಿಮ್ಮಣ್ಣ ಬರ್ಲಿ, ಐತೆ ನಿಂಗೆ" ಅಂದ ಶಿವರಾಜು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಬ್ಬರೂ ನನ್ನ ಪಕ್ಕ ಕೂರಲಿಲ್ಲ. ನನ್ನ ಗಂಟೇನು ಹೋಯಿತು, ಆರಾಮಾಗಿ ಕಾಲು ಚಾಚಿಕೊಂಡು ಬಂದೆ. ಮನೆಗೆ ಬಂದು ಬಚ್ಚಲಲ್ಲಿ ಸ್ವಲ್ಪ ಅತ್ತಿದ್ದು ನಿಜ. ಆದರೂ ನಾನು ಮಾಡಿದ್ದು ಸರಿ, ಇದರಲ್ಲಿ ಎರಡು ಮಾತಿಲ್ಲ.

ಮನೆಯವರೆಲ್ಲರ ಆಶೀರ್ವಾದವನ್ನು ಈ ಕವರಿನಲ್ಲೇ ತುರುಕಿದ್ದೇನೆ. ಹೊಟ್ಟೆತುಂಬ ಉಣ್ಣು.

ನಿನ್ನ ಬಜಾರಿ ತಂಗಿ,
ನಿಸರ್ಗ

ತಾ.ಕ.: ಪೋಸ್ಟ್ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಫೈನಲ್ಲಿಗೆ ತಮ್ಮ ಸ್ಕೋರು ಬರೆಯಲು ಬಾ ಅಂತ ಹೊಳೆನರಸೀಪುರದವರು ಕರೆದರು. ಒಲ್ಲೆ ಅಂದೆ. ನಮ್ಮವರು ಮಾತು ಬಿಟ್ಟಿರಬಹುದು, ನಾನು ಟೀಮು ಬಿಟ್ಟಿಲ್ಲ. ಬೈಯುವುದಿದ್ದರೆ ಎಷ್ಟಾದರೂ ಬೈ. ಆದರೆ ಅಣ್ಣಾ, ನೀನಿದ್ದಿದ್ದರೂ ಇದನ್ನೇ ಮಾಡುತ್ತಿದ್ದೆ ತಾನೇ? ಹೂಂ ಅಂತ ಒಂದು ಕಾರ್ಡು ಹಾಕು. ನನಗಲ್ಲ, ಶಿವರಾಜುಗೆ.